ಇಲ್ಲಿ ಅಂಥವರು ಯಾರೂ ಇಲ್ಲ

ಕಾರ್ಡು ಬರಲಿಲ್ಲ. ಮೊದಲೇ ಹೇಳಿಬಿಡುತ್ತೇನೆ. ಕೊನೆಯಲ್ಲಿ ಬಂತು ಎಂದು ಕೇಳಿ ಸಮಾಧಾನಪಡಲು ಕಾಯುವವರು ಈಗಲೇ ಎದ್ದು ಹೋಗಬಹುದು.

ನಾನು ಲಿಖಿತಾ. ವಯಸ್ಸು ಇಪ್ಪತ್ತಮೂರು. ಚೆಟ್ಟಳ್ಳಿ ಕಡೆಯ ಕರಿಬಂಡೆ ಎಸ್ಟೇಟಿನ ಲೈನ್ ಮನೆಯಲ್ಲಿ ಹುಟ್ಟಿದೆ. ಇವತ್ತಿಗೂ ಅಲ್ಲೇ ಇದ್ದೇನೆ. ಲೈನ್ ಮನೆ ಎಂದರೆ ಒಂದೇ ಉದ್ದನೆಯ ಗೋಡೆಗೆ ಅಂಟಿಕೊಂಡ ಹತ್ತು ಕೋಣೆ. ಮೇಲೆ ಸಿಮೆಂಟ್ ಶೀಟು, ಮುಂದೆ ಒಂದು ನಲ್ಲಿ. ಬಾಗಿಲಿಗೆ ನಂಬರಿಲ್ಲ. ಸಾಹುಕಾರರು ಕಾಫಿ ಚೀಲಕ್ಕೆ ನಂಬರು ಬರೆಸುತ್ತಾರೆ, ಸಿಲ್ವರ್ ಮರಕ್ಕೆ ಬರೆಸುತ್ತಾರೆ, ಹಸುವಿನ ಕಿವಿಗೆ ಚುಚ್ಚಿಸುತ್ತಾರೆ. ನಮ್ಮ ಬಾಗಿಲಿಗೆ ಮಾತ್ರ ಬರೆಸುವುದಿಲ್ಲ. ಮರೆತಿದ್ದಲ್ಲ, ಬೇಕೆಂದೇ. ನಂಬರು ಬರೆದರೆ ಅದು ಮನೆಯಾಗುತ್ತದೆ. ಮನೆಯಾದರೆ ಒಳಗೆ ಯಾರೋ ಇದ್ದಾರೆ ಎಂದಾಗುತ್ತದೆ.

ನನ್ನ ಅಜ್ಜ ಪಿರಿಯಾಪಟ್ಟಣದ ಹೊಲಗೇರಿಯಿಂದ ಇನ್ನೂರು ರೂಪಾಯಿ ಅಡ್ವಾನ್ಸ್ ತೆಗೆದುಕೊಂಡು ಈ ತೋಟಕ್ಕೆ ಬಂದ. ಅಡ್ವಾನ್ಸ್ ತೀರುವ ಮೊದಲು ಅಜ್ಜ ತೀರಿಕೊಂಡ. ಅಪ್ಪ ಕಾಳ, ಅವನೂ ಹೋಗಿ ಒಂಬತ್ತು ವರ್ಷವಾಯಿತು. ಉಳಿದವರು ನಾನು, ಅವ್ವ.

ಅವ್ವನ ಹೆಸರು ಲಿಂಗಿ. ಇದೇ ತೋಟದಲ್ಲಿ ಮೂವತ್ತೊಂದು ವರ್ಷ ಮೈ ಬಗ್ಗಿಸಿದ್ದಾಳೆ. ಡಿಸೆಂಬರಿನಿಂದ ಫೆಬ್ರವರಿಯವರೆಗೆ ಕಾಫಿ ಪಿಕಿಂಗ್. ಸೊಂಟಕ್ಕೆ ಚೀಲ ಕಟ್ಟಿಕೊಂಡು, ಕೊಂಬೆ ಬಗ್ಗಿಸಿ, ಬುಡದಿಂದ ತುದಿಯವರೆಗೆ ಹಣ್ಣನ್ನು ಕೈಯಿಂದ ಎಳೆಯಬೇಕು. ಹಣ್ಣಿನ ಜೊತೆ ಎಲೆ ಬರುತ್ತದೆ, ಕೆಂಜಿಗ ಬರುತ್ತದೆ, ಬೆರಳಿನ ಚರ್ಮವೂ ಬರುತ್ತದೆ. ಸಂಜೆ ಐವತ್ತು ಕೆಜಿ ಚೀಲವನ್ನು ತಲೆಯ ಮೇಲೆ ಹೊತ್ತು, ಗುಡ್ಡ ಹತ್ತಿ, ತೂಕದ ಜಾಗಕ್ಕೆ ತರಬೇಕು. ಅಲ್ಲಿ ರೈಟರ್ ಬೋಜಪ್ಪ ಕುರ್ಚಿ ಹಾಕಿಕೊಂಡು ಕೂತಿರುತ್ತಾನೆ. ಎಲೆ ಇದೆ, ನೀರಿದೆ ಎಂದು ಚೀಲಕ್ಕೆ ಎರಡು ಕೆಜಿ ಮುರಿದುಕೊಳ್ಳುತ್ತಾನೆ. ರೈಟರ್ ಎಂದರೆ ಹಾಜರಿ ಪುಸ್ತಕ ಬರೆಯುವವನು. ಸಾಹುಕಾರರು ಇರುವುದು ಬೆಂಗಳೂರಿನಲ್ಲಿ. ನಮ್ಮ ಪಾಲಿಗೆ ತೋಟ ಎಂದರೆ ಬೋಜಪ್ಪನೇ.

ಅವ್ವನ ಹೆಬ್ಬೆರಳಿನಲ್ಲಿ ಗೆರೆ ಉಳಿದಿಲ್ಲ. ರೇಷನ್ ಅಂಗಡಿಯ ಮೆಷಿನ್ ಅವಳನ್ನು ಗುರುತು ಹಿಡಿಯುವುದಿಲ್ಲ. ಬೆರಳು ಒತ್ತುತ್ತಾಳೆ, ಸೀರೆಗೆ ಒರೆಸುತ್ತಾಳೆ, ಮತ್ತೆ ಒತ್ತುತ್ತಾಳೆ. ಹಿಂದೆ ನಿಂತವರು ಗೊಣಗುತ್ತಾರೆ. ನಾಲ್ಕು ತಿಂಗಳಿಗೊಮ್ಮೆ ಅಕ್ಕಿ ಇಲ್ಲದೆ ವಾಪಸ್ ಬರುತ್ತಾಳೆ. ಸಿಟ್ಟು ಬರುವುದು ನನಗೆ. ಅವಳು ನಾಚಿಕೊಳ್ಳುತ್ತಾಳೆ, ತಪ್ಪು ತನ್ನ ಬೆರಳಿನದ್ದೇ ಎಂಬಂತೆ.

ನನಗೆ ಆ ಕೆಲಸ ಬೇಡವೆಂದು ಅವ್ವ ನನ್ನನ್ನು ಪಿಯುಸಿವರೆಗೆ ಓದಿಸಿದಳು. ಆಮೇಲೆ ನಾನು ಸಿದ್ದಾಪುರದಲ್ಲಿ ವೀಣಕ್ಕನ ಟೈಲರಿಂಗ್ ಅಂಗಡಿಗೆ ಸೇರಿದೆ. ಐದು ವರ್ಷ ಅವರ ಮೆಷಿನ್ ತುಳಿದೆ. ಬ್ಲೌಸು, ಚೂಡಿದಾರ್, ಮೇ ತಿಂಗಳು ಬಂದರೆ ಶಾಲೆಯ ಯೂನಿಫಾರ್ಮು. ಕಳೆದ ವರ್ಷ ಯುಗಾದಿ ಕಳೆದ ಮೇಲೆ ಒಂದು ದಿನ ವೀಣಕ್ಕ ಹೇಳಿದರು.

"ಬರೋ ಮಾರ್ಚಿಗೆ ನಾವು ಮೈಸೂರಿಗೆ ಹೋಗ್ತಾ ಇದ್ದೇವೆ ಲಿಖಿತಾ. ಅಂಗಡಿ ನಿಂಗೆ ಬಿಟ್ಟು ಕೊಡ್ತೇನೆ. ಬಾಡಿಗೆ ಮಾತಾಡಿಸಿ ಕೊಡ್ತೇನೆ. ಗಿರಾಕಿಗಳೂ ನಿನ್ನವರೇ. ಆದ್ರೆ ಮೆಷಿನ್ ಮಾತ್ರ ನಾನು ತಗೊಂಡು ಹೋಗ್ತೇನೆ."

ಹೊಲಿಗೆ ಮೆಷಿನ್, ಓವರ್‌ಲಾಕ್ ಮೆಷಿನ್ ಎರಡೂ ಸೇರಿ ನಲವತ್ತೆರಡು ಸಾವಿರ. ವಿರಾಜಪೇಟೆಯ ಅಂಗಡಿಯಲ್ಲಿ ಹನ್ನೆರಡು ಕಂತಿಗೆ ಬಡ್ಡಿಯಿಲ್ಲದೆ ಕೊಡುತ್ತಾರೆ. ಆದರೆ ಕ್ರೆಡಿಟ್ ಕಾರ್ಡು ಇದ್ದವರಿಗೆ ಮಾತ್ರ. ಕೈಯಲ್ಲಿ ಕಾರ್ಡು, ಮಾರ್ಚಿಗೆ ಅಂಗಡಿ, ಮೇ ತಿಂಗಳ ಯೂನಿಫಾರ್ಮು, ಅಲ್ಲಿಗೆ ಅವ್ವನ ತಲೆಯ ಮೇಲಿನ ಚೀಲ ಇಳಿಯುತ್ತದೆ. ನಾನು ಹಾಕಿದ್ದು ಅಷ್ಟೇ ಲೆಕ್ಕ.

ಸಂಘದ ಸಾಲ ತೆಗೆಯಬಹುದಿತ್ತಲ್ಲ ಎಂದು ಕೇಳುವವರಿದ್ದಾರೆ. ನಮ್ಮ ಪಕ್ಕದ ಕೋಣೆಯ ಚೋಮಿ ತೆಗೆದಿದ್ದಳು. ಒಂದು ವಾರ ತಪ್ಪಿದ್ದಕ್ಕೆ ವಸೂಲಿಯವನು ಬೆಳಿಗ್ಗೆಯಿಂದ ಅವಳ ಹೊಸಿಲ ಮೇಲೆ ಕೂತ. ಚೋಮಿ ಒಳಗೆ, ಅವನು ಬಾಗಿಲಲ್ಲಿ. ಹೊರಕಡೆಗೆ ಹೋಗಬೇಕೆಂದರೂ ಅವನ ಕಾಲು ದಾಟಿ ಹೋಗಬೇಕು. ಅವಳು ಮಧ್ಯಾಹ್ನದವರೆಗೆ ತಡೆದುಕೊಂಡಳು. ಅದನ್ನು ಕಣ್ಣಾರೆ ನೋಡಿದ ಮೇಲೆ ಅವ್ವ ನನ್ನ ಕೈ ಹಿಡಿದು, "ಅದೊಂದು ಬ್ಯಾಡ ಕಣವ್ವ," ಎಂದಳು.

ಸಿದ್ದಾಪುರದ ಬ್ಯಾಂಕಿಗೆ ಹೋದೆ. ಅಲ್ಲಿ ಸತೀಶ್ ಎಂಬ ಆಫೀಸರು. ಕುಶಾಲನಗರದ ಕಡೆಯವರು, ಒಳ್ಳೆಯ ಮಾತಿನವರು. ನನ್ನ ಪ್ಯಾನ್ ನಂಬರು ಹಾಕಿ ಕಂಪ್ಯೂಟರ್ ನೋಡಿದರು.

"ನಿಂದು ಕ್ರೆಡಿಟ್ ಸ್ಕೋರು ಮೈನಸ್ ಒಂದು ಬರ್ತಿದೆಯಮ್ಮ," ಎಂದರು.

"ಅಂದ್ರೆ ಏನ್ ಸಾರ್? ನಾನು ಯಾರಿಗೂ ಒಂದು ರೂಪಾಯಿ ಬಾಕಿ ಇಟ್ಟಿಲ್ಲ."

"ಅದಕ್ಕೇ. ನೀನು ಯಾವತ್ತೂ ಸಾಲ ಮಾಡಿಲ್ಲ. ಮಾಡಿ ತೀರಿಸಿದ್ರೆ ತಾನೆ ನೀನು ಎಂಥವಳು ಅಂತ ಗೊತ್ತಾಗೋದು."

ನಮ್ಮ ಲೈನಿನಲ್ಲಿ ಶನಿವಾರ ಬಟವಾಡೆಯಾದರೆ ಗೇಟಿನ ಬಳಿಯ ಅಂಗಡಿಯ ಬಾಕಿ ಕೊಟ್ಟೇ ಮನೆಗೆ ಕಾಲಿಡಬೇಕು. ಅದು ಅವ್ವನ ನೇಮ. ಕೊಟ್ಟ ಮೇಲೆ ಕೈಯಲ್ಲಿ ಉಪ್ಪಿನ ದುಡ್ಡೂ ಉಳಿಯದಿದ್ದರೆ ಅದು ಬೇರೆ ಮಾತು. ಮೂವತ್ತೊಂದು ವರ್ಷ ಒಂದು ಶನಿವಾರವೂ ತಪ್ಪಿಲ್ಲ. ಅದು ಯಾವ ಕಂಪ್ಯೂಟರಿನಲ್ಲೂ ಇಲ್ಲ. ನೂರಾರು ಕೋಟಿ ಮುಳುಗಿಸಿ ದೇಶ ಬಿಟ್ಟವರಿಗೂ ಒಂದು ಸ್ಕೋರು ಇತ್ತು. ನಮಗೆ ಸೊನ್ನೆಯೂ ಇಲ್ಲ, ಅದಕ್ಕಿಂತ ಒಂದು ಕಡಿಮೆ.

ಸತೀಶ್ ದಾರಿ ಹೇಳಿಕೊಟ್ಟರು. ಒಂದು ಫೋನು ಕಂತಿನಲ್ಲಿ ತೆಗೆದುಕೋ, ತಾರೀಕಿಗೆ ಸರಿಯಾಗಿ ಕಟ್ಟು, ವರ್ಷದೊಳಗೆ ಸ್ಕೋರು ಬರುತ್ತದೆ. ಹನ್ನೆರಡು ಸಾವಿರದ ಫೋನು ತೆಗೆದೆ, ಹತ್ತು ಕಂತು. ಹಳೆಯ ಅಭ್ಯಾಸ ಬಿಡಲಿಲ್ಲ. ಪ್ರತಿ ಶನಿವಾರ ಸಂಜೆ ಬ್ಯಾಂಕಿನ ಮೆಷಿನ್ನಿಗೆ ಮುನ್ನೂರು ರೂಪಾಯಿ ಹಾಕಿಯೇ ಬಸ್ಸು ಹತ್ತುತ್ತಿದ್ದೆ. ತಿಂಗಳಿಗೊಮ್ಮೆ ಕಟ್ಟಿದರೆ ಸಾಕು ಎಂದು ಸತೀಶ್ ನಕ್ಕರು. ನನಗೆ ಆಗುತ್ತಿರಲಿಲ್ಲ. ಶನಿವಾರ ಬಾಕಿ ಇಟ್ಟುಕೊಂಡು ಮನೆಗೆ ಹೋದರೆ ಅನ್ನ ಇಳಿಯುತ್ತಿರಲಿಲ್ಲ.

ಫೆಬ್ರವರಿಯಲ್ಲಿ ಸ್ಕೋರು ಬಂತು. ಏಳುನೂರ ಮೂವತ್ತಾರು. ಫೋನಿನಲ್ಲಿ ಹಸಿರು ಬಣ್ಣದ ಗೆರೆ. ಓಡಿ ಬಂದು ಅವ್ವನಿಗೆ ತೋರಿಸಿದೆ. ಅವ್ವ ಕಾಲಿಗೆ ಬಿಸಿನೀರು ಹಾಕಿಕೊಳ್ಳುತ್ತಿದ್ದಳು.

"ಎಷ್ಟಕ್ಕೆ ಎಷ್ಟು?" ಎಂದು ಕೇಳಿದಳು.

"ಒಂಬೈನೂರಕ್ಕೆ ಏಳುನೂರ ಮೂವತ್ತಾರು."

"ಪಸ್ಟ್ ಕ್ಲಾಸಾ?"

"ಫಸ್ಟ್ ಕ್ಲಾಸು ಕಣವ್ವ."

ಅವ್ವ ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು ಫೋನನ್ನು ಮುಟ್ಟಿ ನೋಡಿದಳು. ಅವತ್ತು ರಾಗಿಮುದ್ದೆಗೆ ಮೊಟ್ಟೆ ಸಾರು ಮಾಡಿದಳು. ನಾನು ಅಷ್ಟು ಖುಷಿಯಾಗಿ ಉಂಡದ್ದು ಅಪ್ಪ ಸತ್ತ ಮೇಲೆ ಅದೇ ಮೊದಲು.

ಕಾರ್ಡಿಗೆ ಅರ್ಜಿ ಹಾಕಿದೆ. ಎಲ್ಲಾ ಸರಿಯಿದೆ ಎಂದರು ಸತೀಶ್. ಮನೆಯ ಹತ್ತಿರ ಒಬ್ಬರು ಬಂದು ನೋಡಿಕೊಂಡು ಹೋಗುತ್ತಾರೆ, ಅಷ್ಟೇ ಎಂದರು. ಅವ್ವನಿಗೆ ಅದನ್ನು ಹೇಳಬೇಕಿತ್ತು. ಹೇಳಲಿಲ್ಲ. ಬರುವ ಮೊದಲು ಫೋನು ಮಾಡುತ್ತಾರೆ ಎಂದುಕೊಂಡಿದ್ದೆ.

ಎಂಟನೇ ದಿನ ಮೆಸೇಜು ಬಂತು. ನಿಮ್ಮ ಅರ್ಜಿ ತಿರಸ್ಕೃತವಾಗಿದೆ. ಕಾರಣ, ವಿಳಾಸದಲ್ಲಿ ಅರ್ಜಿದಾರರು ವಾಸವಿಲ್ಲ.

ಸತೀಶ್ ಹತ್ತಿರ ಓಡಿದೆ. ಅವರು ರಿಪೋರ್ಟು ತೆಗೆದು ಓದಿದರು. ಬುಧವಾರ ಮಧ್ಯಾಹ್ನ ಒಂದು ಗಂಟೆಗೆ ಮಿಲನ್ ಎಂಬ ಹುಡುಗ ಬೈಕಿನಲ್ಲಿ ಹೋಗಿದ್ದಾನೆ. ಗೇಟಿನಲ್ಲಿ ಕೇಳಿದ್ದಾನೆ. ಲೈನಿನಲ್ಲಿ ಊಟಕ್ಕೆ ಬಂದಿದ್ದ ಹೆಂಗಸರನ್ನು ಕೇಳಿದ್ದಾನೆ. ಲಿಖಿತಾ ಎಂಬವರು ಇಲ್ಲಿ ಯಾರೂ ಇಲ್ಲ ಎಂದು ಎಲ್ಲರೂ ಹೇಳಿದ್ದಾರೆ.

"ಎಲ್ಲರೂ ಅಂದ್ರೆ ಯಾರು ಸಾರ್?"

ಸತೀಶ್ ಕನ್ನಡಕ ಸರಿ ಮಾಡಿಕೊಂಡರು. "ಒಂದನೇ ಬಾಗಿಲಿನ ಹೆಂಗಸು, ಐವತ್ತರ ಹತ್ತಿರ ವಯಸ್ಸು, ಎಡಗಣ್ಣಿನ ಮೇಲೆ ಗಾಯದ ಗುರುತು, ಅಂಥವರು ಯಾರೂ ಇಲ್ಲ ಅಂದರು, ಅಂತ ಬರೆದಿದ್ದಾನೆ."

ಒಂದನೇ ಬಾಗಿಲು ನಮ್ಮದು. ಎಡಗಣ್ಣಿನ ಮೇಲೆ ಕೊಂಬೆ ಬಡಿದ ಗಾಯ ಅವ್ವನದು.

ಬಸ್ಸಿನಲ್ಲಿ ಕೂತು ಲೆಕ್ಕ ಹಾಕಿದೆ. ಹತ್ತು ತಿಂಗಳ ಶನಿವಾರಗಳು. ಬಸ್ ಚಾರ್ಜು ಉಳಿಸಲು ನಡೆದ ದಾರಿ. ಎಲ್ಲವನ್ನೂ ನನ್ನ ಅವ್ವನೇ ಒಂದು ಮಾತಿನಲ್ಲಿ ನುಂಗಿಬಿಟ್ಟಳು. ಮನೆಗೆ ಹೋದವಳೇ ಚಪ್ಪಲಿ ಕೂಡ ಬಿಡದೆ ಕೇಳಿದೆ.

"ನಾನು ಇಲ್ಲಿ ಇಲ್ಲ ಅಂತ ಯಾಕ್ ಹೇಳ್ದೆ?"

ಅವ್ವ ಸೌದೆ ಒಡೆಯುತ್ತಿದ್ದಳು. ಕತ್ತಿ ಕೆಳಗಿಟ್ಟಳು.

"ಅಂಗಿ ಒಳಕ್ ಸೇರ್ಸಿದ್ದ. ಕೈಲಿ ಪೇಪರ್ ಇತ್ತು. ನಿನ್ ಹೆಸ್ರು ಕೇಳ್ದ," ಎಂದಳು. "ನಾನು ಇನ್ನೇನ್ ಹೇಳ್ಲಿ?"

ಆಗ ನನಗೆ ನೆನಪಾಯಿತು. ನೆನಪಾಗಿ ನಾಚಿಕೆಯಾಯಿತು.

ನನಗೆ ಆರು ವರ್ಷವಿದ್ದಾಗ ಹೀಗೇ ಒಬ್ಬ ಬಂದಿದ್ದ. ಅಂಗಿ ಪ್ಯಾಂಟಿನೊಳಗೆ ಸೇರಿಸಿ, ಕೈಯಲ್ಲಿ ಪೇಪರು ಹಿಡಿದು. ಕಾಳ ಅನ್ನುವವನು ಇದ್ದಾನಾ ಎಂದು ಕೇಳಿದ. ಅಜ್ಜಿ, ಪಾಪ, ಮಗನಿಗೆ ಏನೋ ಸರ್ಕಾರದ್ದು ಬಂದಿದೆ ಎಂದುಕೊಂಡು, ಒಳಗವನೆ ಬನ್ನಿ ಸ್ವಾಮಿ ಎಂದಳು. ಹಿಂದೆ ಜೀಪು ನಿಂತಿತ್ತು. ಅಪ್ಪ ಬೇರೆ ತೋಟದಲ್ಲಿ ಅಡ್ವಾನ್ಸ್ ತೆಗೆದುಕೊಂಡು ಕೆಲಸ ಪೂರ್ತಿ ಮಾಡದೆ ಬಂದಿದ್ದನಂತೆ. ಉಣ್ಣುತ್ತಿದ್ದವನನ್ನು ಎಂಜಲು ಕೈಯಲ್ಲೇ ಎಳೆದು ಜೀಪಿಗೆ ಹಾಕಿದರು. ಮೂರು ತಿಂಗಳು ಬಿಟ್ಟು ಬಂದ. ಬಲಗೈ ಮೇಲೆತ್ತಲು ಆಗುತ್ತಿರಲಿಲ್ಲ. ಅಜ್ಜಿ ಸಾಯುವವರೆಗೂ ತನ್ನ ಬಾಯಿಗೆ ತಾನೇ ಹೊಡೆದುಕೊಳ್ಳುತ್ತಿದ್ದಳು.

ಆವತ್ತಿನಿಂದ ನಮ್ಮ ಲೈನಿನಲ್ಲಿ ಒಂದು ಕಟ್ಟು. ಪೇಪರು ಹಿಡಿದು ಬಂದವನಿಗೆ ಯಾರ ಹೆಸರನ್ನೂ ಒಪ್ಪಬಾರದು. ಮಕ್ಕಳಿಗೆ ಮಾತು ಬರುವಾಗಲೇ ಕಲಿಸುತ್ತೇವೆ. ಹತ್ತು ಬಾಗಿಲಿನಲ್ಲೂ ಉತ್ತರ ಒಂದೇ, ಇಲ್ಲಿ ಅಂಥವರು ಯಾರೂ ಇಲ್ಲ. ನಾನೂ ಎಷ್ಟೋ ಸಲ ಹೇಳಿದ್ದೇನೆ. ಅವ್ವ ನನ್ನನ್ನು ಬಚ್ಚಿಟ್ಟಿದ್ದಳು. ಅಷ್ಟೇ ಅವಳು ಮಾಡಿದ್ದು.

ಮರುದಿನ ಸತೀಶ್ ಹೇಳಿದರು, ಮೂವತ್ತು ದಿನದೊಳಗೆ ಇನ್ನೊಂದು ಸಲ ನೋಡಲು ಕಳಿಸಬಹುದು. ಆದರೆ ಎಸ್ಟೇಟಿನ ಲೆಟರ್‌ಹೆಡ್ಡಿನಲ್ಲಿ ಲಿಖಿತಾ ಇಲ್ಲಿ ವಾಸವಿದ್ದಾಳೆ ಎಂದು ಬರೆಸಿಕೊಂಡು ಬಾ. ದನಿ ತಗ್ಗಿಸಿ ಇನ್ನೊಂದು ಮಾತು ಹೇಳಿದರು.

"ಲೈನ್ ಮನೆ ಅಂದ್ರೆ ಕಂಪ್ಯೂಟರಲ್ಲಿ ನೆಗೆಟಿವ್ ಏರಿಯಾ ಅಂತ ಬರುತ್ತೆ, ಸಾಲ ಕೊಡಬಾರದ ಜಾಗ ಅಂತ. ನಾನು ಮಾಡಿದ್ದಲ್ಲಮ್ಮ. ಮೇಲಿಂದ ಹಾಗೇ ಬಂದಿದೆ."

ಮಾಡಿದವರು ಯಾರೂ ಇರುವುದಿಲ್ಲ. ಮೇಲಿಂದ ಬಂದಿರುತ್ತದೆ.

ಬೋಜಪ್ಪನ ಆಫೀಸು ಕಾಫಿ ಒಣಗಿಸುವ ಕಣದ ಪಕ್ಕ. ಒಳಗೆ ಕರೆಯುವುದಿಲ್ಲ. ಮೆಟ್ಟಿಲ ಕೆಳಗೆ ನಿಂತು ಮಾತಾಡಬೇಕು. ನಾನು ಪಿಯುಸಿ ಓದಿದರೂ ಅಷ್ಟೇ, ಚೂಡಿದಾರ್ ಹಾಕಿದರೂ ಅಷ್ಟೇ.

"ಎಂತ ಲಿಖಿತಾ, ಕ್ರೆಡಿಟ್ ಕಾರ್ಡಾ?" ಎಂದು ನಕ್ಕ. "ನಂಗೇ ಇಲ್ಲ ಮಾರಾಯ್ತಿ. ಆಗಲಿ, ಒಳ್ಳೇದಾಗಲಿ. ಲೆಟರ್ ಕೊಡುವಾ. ಸಾಹುಕಾರ್ರನ್ನ ಒಂದು ಮಾತು ಕೇಳ್ತೇನೆ."

ಎರಡು ದಿನ ಬಿಟ್ಟು ಕರೆದ. ಎರಡು ಪೇಪರು ತೋರಿಸಿದ. ಮೊದಲನೆಯದು ಲೆಟರ್‌ಹೆಡ್ಡು, ನನ್ನ ಹೆಸರು, ಅವ್ವನ ಹೆಸರು, ಇಲ್ಲೇ ವಾಸವಿದ್ದಾರೆ ಎಂದು ಟೈಪಾಗಿತ್ತು. ಎರಡನೆಯದು ಸ್ಟ್ಯಾಂಪ್ ಪೇಪರು. ಓದಿದೆ. ಲಿಂಗಿ ಎಂಬ ನಾನು ಮಾಲೀಕರ ದಯೆಯಿಂದ ಈ ಕೋಣೆಯಲ್ಲಿ ತಾತ್ಕಾಲಿಕವಾಗಿ ಉಳಿದುಕೊಂಡಿರುತ್ತೇನೆ. ನನಗೆ ಯಾವ ಹಕ್ಕೂ ಇರುವುದಿಲ್ಲ. ಹೇಳಿದ ಏಳು ದಿನದೊಳಗೆ ಖಾಲಿ ಮಾಡುತ್ತೇನೆ. ಪಂಚಾಯ್ತಿಗೆ ನಿವೇಶನಕ್ಕಾಗಿ ಕೊಟ್ಟ ಅರ್ಜಿಯನ್ನು ವಾಪಸ್ ಪಡೆದಿರುತ್ತೇನೆ.

ಹೋದ ವರ್ಷ ಲೈನಿನ ಹೆಂಗಸರೆಲ್ಲ ಸೇರಿ ಮನೆ ಕಟ್ಟಿಕೊಳ್ಳಲು ಒಂದು ತುಂಡು ಜಾಗ ಕೊಡಿ ಎಂದು ಪಂಚಾಯ್ತಿಗೆ ಅರ್ಜಿ ಕೊಟ್ಟಿದ್ದರು. ಅರ್ಜಿ ಬರೆದದ್ದು ನಾನೇ. ಮೊದಲ ಸಹಿಯ ಜಾಗದಲ್ಲಿ ಅವ್ವನ ಹೆಬ್ಬೆಟ್ಟಿತ್ತು.

"ಇದಕ್ಕೆ ನಿನ್ನ ಅವ್ವ ಹೆಬ್ಬೆಟ್ಟು ಒತ್ತಿದ್ರೆ ಅದು ನಿಂಗೆ," ಎಂದ ಬೋಜಪ್ಪ. "ಸಾಕ್ಷಿಗೆ ನೀನು ಸಹಿ ಹಾಕು. ಆ ಪಂಚಾಯ್ತಿ ಜಾಗ ಯಾವ ಕಾಲಕ್ಕೆ ಸಿಗ್ತದೆ ಹೇಳು. ಅಂಗಡಿ ಈಗ ಉಂಟು. ನೀನು ಓದಿದವಳು, ನಿಂಗೆ ನಾನು ಬಿಡಿಸಿ ಹೇಳಬೇಕಾ?"

ನಾನು ಸಹಿ ಹಾಕಿದೆ.

ಇದನ್ನು ಬರೆಯಲು ಕೈ ಹಿಂದೆಗೆಯುತ್ತದೆ. ಆದರೂ ಬರೆಯುತ್ತೇನೆ. ಸಾಕ್ಷಿ ಎಂದು ಇದ್ದ ಜಾಗದಲ್ಲಿ ನಾನು ನನ್ನ ಹೆಸರನ್ನು ಅಂದವಾಗಿ ಬರೆದೆ. ಮೆಷಿನ್ ಬಂದ ಮೇಲೆ ಎಲ್ಲ ಸರಿ ಮಾಡಿಕೊಂಡರಾಯಿತು ಎಂದುಕೊಂಡೆ. ಸಿದ್ದಾಪುರದಲ್ಲಿ ಬಾಡಿಗೆಗೆ ಒಂದು ಕೋಣೆ ಹಿಡಿದರಾಯಿತು ಎಂದುಕೊಂಡೆ. ಚೋಮಿ, ನಮ್ಮ ಲೈನಿನ ಚಿನ್ನ, ಹೀಗೆ ಉಳಿದ ಒಂಬತ್ತು ಬಾಗಿಲು ನನಗೆ ನೆನಪಾಗಲಿಲ್ಲ. ಮೊದಲ ಹೆಬ್ಬೆಟ್ಟು ಕಿತ್ತುಕೊಂಡರೆ ಉಳಿದವು ತಾವಾಗಿ ಉದುರುತ್ತವೆ ಎಂದು ಬೋಜಪ್ಪನಿಗೆ ಗೊತ್ತಿತ್ತು. ಅದು ನನಗೂ ಗೊತ್ತಾಗಬೇಕಿತ್ತು.

ಅವ್ವನಿಗೆ ನಾನು ಹೇಳಿದ್ದು ಇಷ್ಟೇ. ಶನಿವಾರ ಬಟವಾಡೆಯಲ್ಲಿ ರೈಟರ್ ಒಂದು ಪೇಪರ್ ಕೊಡುತ್ತಾರೆ, ಕಾರ್ಡಿಗೆ ಬೇಕು, ಒತ್ತು. ಅವ್ವ ಆಯಿತು ಎಂದಳು.

ಶನಿವಾರ ನಾನು ಅಂಗಡಿಯಿಂದ ಬೇಗ ಬಂದೆ. ಕಣದಲ್ಲಿ ಇಪ್ಪತ್ತು ಮೂವತ್ತು ಜನ ಸಾಲಾಗಿ ನಿಂತಿದ್ದರು. ಅವ್ವನ ಸರದಿ ಬಂತು. ಬೋಜಪ್ಪ ಹಣ ಕೊಡಲಿಲ್ಲ. ಸ್ಟ್ಯಾಂಪ್ ಪೇಪರನ್ನು ಮೇಜಿನ ಮೇಲೆ ಹರಡಿ ಇಂಕಿನ ಪ್ಯಾಡು ತೆಗೆದ.

"ಇದು ಒತ್ತು. ಆಮೇಲೆ ದುಡ್ಡು."

ಅವ್ವ ಪೇಪರು ನೋಡಿದಳು. ಅವಳಿಗೆ ಓದಲು ಬರುವುದಿಲ್ಲ. ಆದರೆ ಸ್ಟ್ಯಾಂಪ್ ಪೇಪರು ಯಾವುದು ಎಂದು ಗೊತ್ತಾಗುತ್ತದೆ. ಅಜ್ಜನ ಅಡ್ವಾನ್ಸಿನದು ಅಂಥದೇ ಇತ್ತು.

"ಏನ್ ಬರ್ದದೆ ಇದ್ರಲ್ಲಿ?"

"ನಿನ್ನ ಮಗಳು ಓದಿದ್ದಾಳೆ. ಸಹಿಯೂ ಹಾಕಿದ್ದಾಳೆ, ನೋಡು."

ಅವ್ವ ನನ್ನ ಕಡೆ ತಿರುಗಿದಳು. "ಓದವ್ವ. ಎಲ್ರಿಗೂ ಕೇಳ್ಬೇಕು, ಗಟ್ಟಿಯಾಗ್ ಓದು."

ಓದಿದೆ. ದಯೆಯಿಂದ ಎಂದು ಓದಿದೆ. ಹಕ್ಕು ಇರುವುದಿಲ್ಲ ಎಂದು ಓದಿದೆ. ಏಳು ದಿನ ಎಂದು ಓದಿದೆ. ಅರ್ಜಿ ವಾಪಸ್ ಎನ್ನುವಾಗ ಚೋಮಿ ನನ್ನನ್ನು ನೋಡಿದ ನೋಟ ಇವತ್ತಿಗೂ ಹೋಗಿಲ್ಲ. ಕೆಳಗೆ ನನ್ನ ಹೆಸರಿತ್ತು. ಅದನ್ನೂ ಓದಿದೆ.

ಬೋಜಪ್ಪ ಕುರ್ಚಿಯಿಂದ ಎದ್ದ. ಅವ್ವನ ಮಣಿಕಟ್ಟು ಹಿಡಿದ. ಹೆಬ್ಬೆರಳನ್ನು ತಾನೇ ಪ್ಯಾಡಿಗೆ ಒತ್ತಿದ. ಹಿಂದಿನಿಂದಲೂ ಅವನು ಹಾಗೇ ಮಾಡುವುದು. ಕೂಸಿನ ಕೈ ಹಿಡಿದು ಬರೆಸಿದ ಹಾಗೆ. ಯಾರೂ ಯಾವತ್ತೂ ಬೇಡ ಎಂದಿಲ್ಲ.

ಅವ್ವ ಕೈ ಎಳೆದುಕೊಂಡಳು.

ಅವನು ಮತ್ತೆ ಹಿಡಿಯಲು ಬಂದ. ಅವ್ವ ಒಂದು ಹೆಜ್ಜೆ ಹಿಂದೆ ಸರಿದಳು. ಮೂವತ್ತೊಂದು ವರ್ಷ ಚೀಲ ಹೊತ್ತ ಕೈ ಅದು. ಬಿಡಿಸಿಕೊಳ್ಳಲು ಕಷ್ಟವೇನೂ ಆಗಲಿಲ್ಲ. ಇಷ್ಟು ವರ್ಷ ಬಿಡಿಸಿಕೊಂಡಿರಲಿಲ್ಲ, ಅಷ್ಟೇ.

"ನನ್ ಮಗ್ಳು ಇಲ್ಲಿ ಅವ್ಳೆ ಅಂತ ನೀನು ಬರ್ಯಕೆ, ನಾನು ಇಲ್ಲಿ ಇಲ್ಲ ಅಂತ ಒತ್ಬೇಕಾ?" ಎಂದಳು.

"ಲಿಂಗಿ, ಸುಮ್ನೆ ಒತ್ತು. ನಿನ್ನ ಒಳ್ಳೇದಕ್ಕೆ."

"ರೇಶನ್ ಮಿಸನ್‌ಗೆ ನನ್ ಬೆಟ್ಟು ಗುರ್ತಿಲ್ಲ. ಬ್ಯಾಂಕ್‌ಗೆ ಗುರ್ತಿಲ್ಲ. ನಿನ್ ಪೇಪರ್‌ಗೆ ಮಾತ್ರ ಬೇಕಾ? ಒತ್ತಾಕಿಲ್ಲ. ನನ್ ಗಂಡ ಇಲ್ಲೇ ಸತ್ತ. ನಮ್ಮತ್ತೆ ಇಲ್ಲೇ ಸತ್ಲು. ದಯೆ ಅಂತೆ. ಯಾರ್ ದಯೆ? ನಿನ್ ಸಾವ್ಕಾರ ಒಂದ್ ದಿನ ಬಿಟ್ಟಿ ಕೂಲಿ ಕೊಟ್ಟವ್ನಾ?"

ಹೇಳಿ ಇಂಕನ್ನು ಸೆರಗಿಗೆ ಒರೆಸಿಕೊಂಡಳು. ಆಮೇಲೆ ಕೈ ಚಾಚಿದಳು.

"ವಾರದ ದುಡ್ಡು ಕೊಡು."

ಬೋಜಪ್ಪ ಕೊಟ್ಟ. ಜನ ನೋಡುತ್ತಿದ್ದರು, ಕೊಡದೆ ವಿಧಿಯಿರಲಿಲ್ಲ. ಮೊದಲನೆಯ ಪೇಪರನ್ನು, ನಾನು ಇಲ್ಲಿದ್ದೇನೆ ಎಂದು ಬರೆದದ್ದನ್ನು, ಎಲ್ಲರೆದುರು ನಾಲ್ಕಾಗಿ ಹರಿದ. ನಾನು ಸ್ಟ್ಯಾಂಪ್ ಪೇಪರಿಗೆ ಕೈ ಹಾಕಿದೆ. ಅವನು ಅದನ್ನು ಡ್ರಾಯರಿಗೆ ಸೇರಿಸಿ ಬೀಗ ಹಾಕಿದ. ನನ್ನ ಸಹಿ ಇನ್ನೂ ಅಲ್ಲೇ ಇದೆ.

ದಾರಿಯಲ್ಲಿ ಅವ್ವ ನನ್ನನ್ನು ಬೈಯಲಿಲ್ಲ. ಗೇಟಿನ ಅಂಗಡಿಯಲ್ಲಿ ಬಾಕಿ ಕೊಟ್ಟಳು. ಮನೆಗೆ ಬಂದ ಮೇಲೆ ನಾನು ಅತ್ತೆ. ಅವ್ವ ಅನ್ನಕ್ಕೆ ಇಡುತ್ತಾ ಕೇಳಿದಳು.

"ಆ ಹುಡ್ಗ ಇನ್ನೊಂದ್ ಸತಿ ಬತ್ತಾನಾ?"

"ಬರ್ತಾನೆ. ಲೆಟರ್ ಇಲ್ದೆ ಬಂದ್ರೂ ಏನ್ ಪ್ರಯೋಜನ?"

"ಬರ್ಲಿ," ಎಂದಳು.

ಸೋಮವಾರ ಮಿಲನ್ ಬರುತ್ತಾನೆಂದು ಸತೀಶ್ ಹೇಳಿದ್ದರು. ನಾನು ಅಂಗಡಿಗೆ ರಜೆ ಹಾಕಿದೆ. ಬೆಳಿಗ್ಗೆ ಹತ್ತಕ್ಕೆ ಬೈಕು ಗೇಟಿಗೆ ಬಂತು. ಇಪ್ಪತ್ತೈದರ ಹುಡುಗ, ಬಿಸಿಲಿಗೆ ಮುಖ ಕೆಂಪಾಗಿತ್ತು. ಒಂದು ಮನೆಗೆ ಹೋಗಿ ಬಂದರೆ ಅವನಿಗೆ ಎಪ್ಪತ್ತು ರೂಪಾಯಿಯಂತೆ, ಪೆಟ್ರೋಲು ಅವನದೇ. ಬೋಜಪ್ಪ ಗೇಟಿನಲ್ಲೇ ನಿಂತಿದ್ದ.

"ಇಲ್ಲಿ ಆ ಹೆಸರಿನವರು ಯಾರೂ ಇಲ್ಲ. ಹೋದ ಸಲವೇ ಹೇಳಿದ್ದಲ್ವಾ?"

ನಾನು ಬಾಯಿ ತೆರೆಯುವ ಮೊದಲೇ ಅವ್ವ ಗಿಡಗಳ ನಡುವಿನಿಂದ ಬಂದಳು. ಕಾಳುಮೆಣಸಿನ ಕೆಲಸ ಬಿಟ್ಟು ಬಂದಿದ್ದಳು. ಕೂದಲಲ್ಲಿ ಎಲೆ, ಕೈಯಲ್ಲಿ ಬುಟ್ಟಿ. ಹಿಂದೆ ಚೋಮಿ, ಅವಳ ಹಿಂದೆ ಚಿನ್ನ, ಇನ್ನೂ ನಾಲ್ಕೈದು ಜನ.

"ನೋಡಪ್ಪ, ಆವತ್ತು ನಾನು ಸುಳ್ಳು ಹೇಳ್ದೆ," ಎಂದಳು ಅವ್ವ. "ಇವ್ಳು ಲಿಖಿತಾ. ನನ್ ಮಗ್ಳು. ಒಂದ್ನೇ ಬಾಗ್ಲು. ನಾನು ಲಿಂಗಿ. ಮೂವತ್ತೊಂದು ವರ್ಸದಿಂದ ಇವ್ನಿ. ಬರ್ಕೊ."

ಮಿಲನ್ ಬೋಜಪ್ಪನನ್ನು ನೋಡಿದ, ಅವ್ವನನ್ನು ನೋಡಿದ. "ಅಕ್ಕಪಕ್ಕದವರು ಇಬ್ಬರು ಹೆಸರು ಹೇಳಬೇಕು," ಎಂದ ಮೆಲ್ಲಗೆ.

ಪೇಪರು ಹಿಡಿದವನ ಮುಂದೆ ನಮ್ಮ ಲೈನಿನವರು ಹೆಸರು ಹೇಳಿದ್ದನ್ನು ಅಪ್ಪನನ್ನು ಜೀಪಿಗೆ ಹಾಕಿದ ದಿನದಿಂದ ನಾನು ನೋಡಿರಲಿಲ್ಲ. ಚೋಮಿ ಮುಂದೆ ಬಂದಳು. "ಚೋಮಿ," ಎಂದಳು. "ಎರಡ್ನೇ ಬಾಗ್ಲು." ಆಮೇಲೆ ಚಿನ್ನ ಹೇಳಿದ. ಇಬ್ಬರು ಸಾಕು ಎಂದು ಮಿಲನ್ ಹೇಳುತ್ತಲೇ ಇದ್ದ. ಉಳಿದವರು ನಿಲ್ಲಿಸಲಿಲ್ಲ. ಅವನು ಫಾರಮಿನ ಹಿಂದಿನ ಮಗ್ಗುಲಿನಲ್ಲಿ ಬರೆದುಕೊಂಡ. ಬೋಜಪ್ಪ ಫೋನು ತೆಗೆದು ಒಬ್ಬೊಬ್ಬರ ಮುಖದ ಫೋಟೋ ಹೊಡೆದುಕೊಂಡ.

ಗುರುವಾರ ಮೆಸೇಜು ಬಂತು. ಮತ್ತೆ ತಿರಸ್ಕೃತ. ಈ ಸಲ ಕಾರಣ, ಸ್ಥಳದ ಮಾಲೀಕರಿಂದ ದೃಢೀಕರಣವಿಲ್ಲ. ಕಾರ್ಡಿಗೆ ಅರ್ಜಿ ಹಾಕಿದ್ದಕ್ಕೇ ಸ್ಕೋರು ಏಳುನೂರ ಹದಿನಾಲ್ಕಕ್ಕೆ ಇಳಿಯಿತು. ಕೇಳಿದ್ದೂ ತಪ್ಪು ಎಂದು ಲೆಕ್ಕವಂತೆ. ವೀಣಕ್ಕ ತಿಂಗಳ ಕೊನೆಗೆ ಮೈಸೂರಿಗೆ ಹೋದರು. ಅಂಗಡಿಯಲ್ಲಿ ಈಗ ಮೊಬೈಲ್ ಕವರು ಮಾರುತ್ತಾರೆ. ನಾನು ಇನ್ನೊಬ್ಬರ ಅಂಗಡಿಯಲ್ಲಿ ಕಾಜ ಹೊಲಿಯುತ್ತೇನೆ, ಒಂದಕ್ಕೆ ಎರಡು ರೂಪಾಯಿ. ಅವ್ವನ ತಲೆಯ ಮೇಲಿನ ಚೀಲ ಇಳಿದಿಲ್ಲ.

ಆದರೆ ನಾನು ಹೇಳಬೇಕೆಂದಿದ್ದದ್ದು ಆ ಮಂಗಳವಾರದ ಬೆಳಿಗ್ಗೆಯನ್ನು. ಮಿಲನ್ ಬಂದು ಹೋದ ಮರುದಿನ.

ಬೆಳಿಗ್ಗೆ ಏಳೂವರೆಗೆ ಕಣದಲ್ಲಿ ಹಾಜರಿ. ಬೋಜಪ್ಪನ ಮೇಜು ಮೆಟ್ಟಿಲ ಮೇಲೆ, ಆಫೀಸಿನ ಜಗಲಿಯಲ್ಲಿ. ಬೋಜಪ್ಪ ಹೆಸರು ಕರೆಯುತ್ತಾನೆ, ಕರೆದವರು ಇದ್ದೀನಿ ಎನ್ನಬೇಕು. ಕರೆಯದಿದ್ದರೆ ಆವತ್ತು ಕೆಲಸವಿಲ್ಲ, ಕೂಲಿಯಿಲ್ಲ. ಒಂದು ವಾರ ಕರೆಯದಿದ್ದರೆ ಕೋಣೆ ಬಿಡಬೇಕು. ಇದು ಎಲ್ಲೂ ಬರೆದಿಲ್ಲ, ಎಲ್ಲರಿಗೂ ಗೊತ್ತು. ಅವ್ವ ಬುಟ್ಟಿ ಹಿಡಿದು ತನ್ನ ಜಾಗದಲ್ಲಿ ನಿಂತಳು. ನಾನು ಬಸ್ಸಿಗೆ ಹೊರಟವಳು ಬೇಲಿಯ ಬಳಿ ನಿಂತೆ.

"ಸಾಂತಪ್ಪ."

"ಇವ್ನಿ."

"ಚೋಮಿ."

"ಇವ್ನಿ."

ಚೋಮಿಯ ನಂತರ ಅವ್ವನ ಹೆಸರು. ಎಷ್ಟೋ ವರ್ಷಗಳಿಂದ ಅದೇ ಕ್ರಮ. ಬೋಜಪ್ಪ ಪುಸ್ತಕದಿಂದ ತಲೆಯೆತ್ತದೆ ಕರೆದ.

"ಚಿನ್ನ."

ಚಿನ್ನ ಮಾತಾಡಲಿಲ್ಲ.

"ಚಿನ್ನ. ಕಿವಿ ಕೇಳೋದಿಲ್ವಾ?"

ಚಿನ್ನ ನೆಲ ನೋಡುತ್ತಿದ್ದ. ಎರಡು ಮಕ್ಕಳ ತಂದೆ, ತೋಟದಲ್ಲಿ ಯಾವತ್ತೂ ದನಿ ಎತ್ತಿದವನಲ್ಲ. "ನನ್ಕಿಂತ ಮುಂಚೆ ಲಿಂಗಕ್ಕಂದು," ಎಂದ. "ಅದ ಕರೀರಿ. ಆಮೇಕೆ ನಂದು."

ಬೋಜಪ್ಪ ಮುಂದಿನ ಹೆಸರು ಕರೆದ. ಅವಳೂ ಸುಮ್ಮನಿದ್ದಳು. ಅದರ ಮುಂದಿನದು ಕರೆದ. ಸಾಲು ಪೂರ್ತಿ ಕರೆದ. ಚಿನ್ನನಿಂದ ಹಿಡಿದು ಇಪ್ಪತ್ತಾರು ಹೆಸರು ಕಣದಲ್ಲಿ ಬಿದ್ದವು, ಒಂದಕ್ಕೂ ಉತ್ತರ ಬರಲಿಲ್ಲ. ಬಳ್ಳಿಯಲ್ಲಿ ಕಾಳುಮೆಣಸು ಹಣ್ಣಾಗಿ ಉದುರುತ್ತಿತ್ತು. ಒಂದು ದಿನ ಕೊಯ್ಯದಿದ್ದರೆ ಎಷ್ಟು ನಷ್ಟ ಎಂದು ಅವನಿಗೆ ನಮಗಿಂತ ಚೆನ್ನಾಗಿ ಗೊತ್ತು.

ನನ್ನ ಬಸ್ಸು ರಸ್ತೆಯಲ್ಲಿ ಹಾರ್ನ್ ಹೊಡೆದು ಹೋಯಿತು. ನಾನು ಅಲುಗಲಿಲ್ಲ.

ಅವ್ವ ಅವನು ಕರೆಯುವವರೆಗೆ ಕಾಯಲಿಲ್ಲ. ಬುಟ್ಟಿಯನ್ನು ನೆಲಕ್ಕಿಟ್ಟು ಮೇಜಿನ ಹತ್ತಿರ ಹೋದಳು. ಮೆಟ್ಟಿಲ ಕೆಳಗೆ ನಿಲ್ಲಲಿಲ್ಲ, ಹತ್ತಿ ನಿಂತಳು. ಪುಸ್ತಕದಲ್ಲಿ ತನ್ನ ಹೆಸರು ಎಲ್ಲಿದೆ ಎಂದು ಅವಳಿಗೆ ಓದಲು ಬರುವುದಿಲ್ಲ. ಚೋಮಿಗೂ ಚಿನ್ನನಿಗೂ ನಡುವೆ ಎಂದು ಗೊತ್ತು. ಅಂದಾಜಿನಲ್ಲಿ ಆ ಜಾಗದ ಮೇಲೆ ಬೆರಳಿಟ್ಟಳು.

"ಲಿಂಗಿ," ಎಂದಳು. "ಇವ್ನಿ. ಬರ್ಕೊ."

ಬೋಜಪ್ಪ ಪೆನ್ನು ಹಿಡಿದು ಕೂತಿದ್ದ. ಅವ್ವ ಬೆರಳು ತೆಗೆಯಲಿಲ್ಲ. ಅವನು ಬರೆಯುವವರೆಗೂ ತೆಗೆಯಲಿಲ್ಲ.